ಹುಬ್ಬಿಗೆ ಸೂಜಿ ತಾಗಿಸುವ ಮುಂಚೆ

ಪ್ರೀತಿಯ ಸುಮಾ,

ನಿನ್ನೆ ರಾತ್ರಿ ನೀನು ಕಳಿಸಿದ ನಿನ್ನ ಹುಬ್ಬಿನ ಫೋಟೋ ನೋಡಿದೆ. ಬೆಳಿಗ್ಗೆ ಎದ್ದು ಇನ್ನೊಂದು ಸಲ, ದೊಡ್ಡದು ಮಾಡಿಕೊಂಡು ನೋಡಿದೆ. ಕೆಳಗೆ ನೀನು ಬರೆದಿದ್ದು ಒಂದೇ ಸಾಲು: "ಮೈಕ್ರೋಬ್ಲೇಡಿಂಗಿಗೆ ಅಡ್ವಾನ್ಸ್ ಕೊಡ್ತಾ ಇದ್ದೀನಿ, ಏನಂತೀಯ?" ತಮ್ಮನ ಮದುವೆಗೆ ಇನ್ನು ಮೂರೇ ವಾರ ಅಂತಲೂ ನೆನಪಿದೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅರ್ಧ ಮರೆಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಈಗಲೇ ಅಡ್ವಾನ್ಸ್ ಕೊಡಬೇಡ ಕಣೇ. ಮೈಕ್ರೋಬ್ಲೇಡಿಂಗ್, ಅಂದರೆ ಸೂಜಿಯಲ್ಲಿ ಹುಬ್ಬಿನ ಚರ್ಮದೊಳಗೆ ಬಣ್ಣ ಕೂರಿಸುವುದು, ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೊದಲು ಒಂದು ಸಲ ಬ್ರೋ ಲ್ಯಾಮಿನೇಷನ್ ಮಾಡಿಸು, ಇರುವ ಕೂದಲನ್ನೇ ಲೋಷನ್ ಹಚ್ಚಿ ಮೇಲಕ್ಕೆ ಕೂರಿಸುವುದು. ಆರು ವಾರ ಆ ಹುಬ್ಬಿನಲ್ಲೇ ಓಡಾಡು. ಆಮೇಲೆ ಸೂಜಿಯ ಮಾತು.

ನಮ್ಮ ಹುಬ್ಬುಗಳ ಈ ಸ್ಥಿತಿ ಶುರುವಾಗಿದ್ದು ಹಾಸ್ಟೆಲಿನಲ್ಲಿ, ಅಲ್ವಾ? ಟ್ಯೂಬ್‌ಲೈಟ್ ಕೆಳಗೆ ಒಬ್ಬಳು ಮಲಗುವುದು, ಇನ್ನೊಬ್ಬಳು ಹೊಲಿಗೆ ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ ಹಿಡಿದು ಕೀಳುವುದು. ಆಗ ತೆಳ್ಳಗಿದ್ದಷ್ಟೂ ಚಂದ ಅನ್ನುವ ಕಾಲ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಕಿತ್ತೆವು. ಅದೇ ಜಾಗದಲ್ಲಿ ವರ್ಷಗಟ್ಟಲೆ ಕೀಳುತ್ತಾ ಹೋದರೆ ಕೂದಲಿನ ಬೇರು ಸೋಲುತ್ತದೆ, ಕೆಲವು ಕಡೆ ಮತ್ತೆ ಹುಟ್ಟುವುದೇ ಇಲ್ಲ ಅಂತ ಆಗ ಯಾರೂ ಹೇಳಲಿಲ್ಲ. ನನಗಂತೂ ಅದರ ಜೊತೆಗೆ ಎಡ ಹುಬ್ಬಿನ ನಡುವೆ ಗಾಯದ ಕಲೆ ಬೇರೆ ಇದೆ. ಐದು ವರ್ಷದವಳಿದ್ದಾಗ ಜಗಲಿಯಿಂದ ಬಿದ್ದಿದ್ದು. ಕಲೆಯ ಮೇಲೆ ಕೂದಲು ಬರುವುದಿಲ್ಲ. ಪ್ರತಿದಿನ ಬೆಳಿಗ್ಗೆ ಪೆನ್ಸಿಲ್‌ನಲ್ಲಿ ಅದನ್ನು ಮುಚ್ಚಿಯೇ ನಾನು ಕೆಲಸಕ್ಕೆ ಹೋಗುತ್ತಿದ್ದೆ. ಹಾಗಾಗಿ ಒಂದೇ ಸಲಕ್ಕೆ ಮುಗಿದುಹೋಗಲಿ ಅನ್ನುವ ನಿನ್ನ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಲ್ಯಾಮಿನೇಷನ್ ಅಂದರೆ ಹುಬ್ಬಿನ ಮೇಲೆ ಏನೋ ಪದರ ಅಂಟಿಸುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ತಲೆಕೂದಲಿಗೆ ಪರ್ಮಿಂಗ್ ಮಾಡುತ್ತಾರಲ್ಲ, ಅದೇ ಕೆಲಸವನ್ನು ಇಲ್ಲಿ ಹುಬ್ಬಿಗೆ ಮಾಡುತ್ತಾರೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರೊಳಗೆ ಗಂಧಕದ ಬೆಸುಗೆಗಳಿರುತ್ತವೆ. ಕೂದಲು ಯಾವ ಕಡೆ ಬಾಗಬೇಕು ಅನ್ನುವುದನ್ನು ಹಿಡಿದಿಡುವುದು ಈ ಬೆಸುಗೆಗಳೇ. ಮೊದಲನೇ ಲೋಷನ್ ಅವನ್ನು ಬಿಡಿಸುತ್ತದೆ. ಸಾಮಾನ್ಯವಾಗಿ ಅದರಲ್ಲಿರುವುದು ಥಯೋಗ್ಲೈಕೋಲಿಕ್ ಆ್ಯಸಿಡ್ ಅಥವಾ ಅದರ ಲವಣ. ಆಗ ಕೂದಲು ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ. ಮೇಲಕ್ಕೆ ಬಾಚಿ ಬೇಕಾದ ಆಕಾರಕ್ಕೆ ಕೂರಿಸುತ್ತಾರೆ. ಎರಡನೇ ಲೋಷನ್ ಆ ಬೆಸುಗೆಗಳನ್ನು ಹೊಸ ಜಾಗದಲ್ಲಿ ಮತ್ತೆ ಕೂಡಿಸುತ್ತದೆ. ಕೊನೆಗೆ ಎಣ್ಣೆಯಂಥದ್ದೊಂದು ಹಚ್ಚಿ ಕಳಿಸುತ್ತಾರೆ. ಎಲ್ಲ ಸೇರಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮೊಟ್ಟೆ ಕೆಟ್ಟ ಹಾಗೆ ಸ್ವಲ್ಪ ವಾಸನೆ ಬರುತ್ತದೆ, ಅದು ಗಂಧಕದ್ದು. ನೋವಿಲ್ಲ.

ಆದರೆ ಒಂದು ವಿಷಯ ಗೊತ್ತಿರಲಿ. ಕೂದಲು ತೆಗೆಯುವ ಕ್ರೀಮಿನಲ್ಲಿ ಇರುವುದೂ ಇದೇ ಜಾತಿಯ ರಾಸಾಯನಿಕ. ಅಲ್ಲಿ ಕೂದಲು ತುಂಡಾಗುವಷ್ಟು ಜೋರಾಗಿ ಕೆಲಸ ಮಾಡುತ್ತದೆ, ಇಲ್ಲಿ ಮೆತ್ತಗಾಗುವಷ್ಟಕ್ಕೇ ನಿಲ್ಲಿಸಬೇಕು. ಅದಕ್ಕೇ ಸಮಯ ನೋಡಿಕೊಳ್ಳದೆ, ಲೋಷನ್ ಹಚ್ಚಿಟ್ಟು ಇನ್ನೊಬ್ಬರ ಫೇಶಿಯಲ್ ಮಾಡಲು ಹೋಗುವವರ ಹತ್ತಿರ ಮಾಡಿಸಬೇಡ. ನಿನ್ನದು ತೆಳು ಕೂದಲು, ಬೇಗ ಒಣಗಿ ಮುರಿಯುತ್ತದೆ.

ನನ್ನ ಮೊದಲನೇ ಸಲ ಸರಿಹೋಗಲಿಲ್ಲ. ಅದನ್ನೂ ಹೇಳಲೇಬೇಕು. ಲ್ಯಾಮಿನೇಷನ್ ಜೊತೆಗೆ ಟಿಂಟ್, ಅಂದರೆ ಹುಬ್ಬಿಗೆ ಬಣ್ಣ, ಹಾಕಿದರು. ಮೊದಲೇ ಚರ್ಮದ ಮೇಲೆ ಸ್ವಲ್ಪ ಹಚ್ಚಿ ಅಲರ್ಜಿ ಆಗುತ್ತದಾ ಅಂತ ನೋಡುವ ಪ್ಯಾಚ್ ಟೆಸ್ಟ್ ಮಾಡಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಕೆರೆತ ಶುರುವಾಯಿತು. ಬೆಳಿಗ್ಗೆ ಎದ್ದರೆ ಮೇಲಿನ ರೆಪ್ಪೆ ಊದಿಕೊಂಡು ಕಣ್ಣು ಅರ್ಧ ಮುಚ್ಚಿತ್ತು. ಚರ್ಮದ ಡಾಕ್ಟರ್ ನೋಡಿ ಹೇರ್ ಡೈ ಹಾಕಿದಾಗ ತಲೆ ಕೆರೆಯುತ್ತಿತ್ತಾ ಅಂತ ಕೇಳಿದರು. ಕೆರೆಯುತ್ತಿತ್ತು. ಡೈಯಲ್ಲಿರುವ ಪಿಪಿಡಿ ಅನ್ನುವ ವಸ್ತು ಎಷ್ಟೋ ಜನರಿಗೆ ಆಗಿಬರುವುದಿಲ್ಲ. ಕಪ್ಪು ಮೆಹಂದಿ ಅಂತ ಮಾರುವುದರಲ್ಲೂ ಅದು ಇರುತ್ತದೆ. ನಾಲ್ಕು ದಿನ ಮುಲಾಮು, ಮಾತ್ರೆ. ಕಡಿಮೆಯಾಯಿತು. ಆದರೆ ಆ ನಾಲ್ಕು ದಿನ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಇದು ಮೇಲೆ ಹಚ್ಚಿದ್ದು, ತೊಳೆದರೆ ಹೋಯಿತು. ಚರ್ಮದ ಒಳಗೆ ಇಟ್ಟ ಬಣ್ಣಕ್ಕೆ ಮೈ ಹೀಗೆ ತಿರುಗಿಬಿದ್ದರೆ ಏನನ್ನು ತೊಳೆಯುವುದು?

ಮೈಕ್ರೋಬ್ಲೇಡಿಂಗಿಗೆ ಬಳಸುವ ಬಣ್ಣವೇ ಬೇರೆ, ಅದು ನನಗೆ ಗೊತ್ತು. ಒಂದಕ್ಕೆ ಅಲರ್ಜಿಯಾದರೆ ಇನ್ನೊಂದಕ್ಕೂ ಆಗಲೇಬೇಕು ಅಂತಿಲ್ಲ. ಆದರೆ ಹೆದರಿಕೆ ಸುಳ್ಳಲ್ಲ. ಅಂದಕ್ಕಾಗಿ ಚರ್ಮದೊಳಗೆ ಚುಚ್ಚುವ ಯಾವ ಬಣ್ಣಕ್ಕೂ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿ ಔಷಧ, ಸೌಂದರ್ಯವರ್ಧಕಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ, ಇವತ್ತಿನವರೆಗೆ ಒಪ್ಪಿಗೆ ಕೊಟ್ಟಿಲ್ಲ. ಎಂಆರ್‌ಐ ಮಾಡಿಸುವಾಗ ಇಂಥ ಬಣ್ಣವಿದ್ದ ಜಾಗ ಊದುವುದು, ಉರಿಯುವುದು ಅಪರೂಪಕ್ಕೆ ಆಗಿದ್ದಿದೆ.

ಎರಡನೇ ಸಲ ಬೇರೆ ಕಡೆ ಹೋದೆ. ಎರಡು ದಿನ ಮುಂಚೆ ಕಿವಿಯ ಹಿಂದೆ ಲೋಷನ್ ಹಚ್ಚಿ ನೋಡಿದರು. ಟಿಂಟ್ ಬೇಡವೆಂದೆ. ಮನೆಗೆ ಬಂದ ಮೇಲೆ ಇಪ್ಪತ್ನಾಲ್ಕು ಗಂಟೆ ಹುಬ್ಬಿಗೆ ನೀರು ತಾಗಿಸಬೇಡಿ, ಹಬೆ ಬೇಡ, ಎಣ್ಣೆ ಬೇಡ ಅಂದರು. ಹಬೆ ಅಂದರೆ ಕುಕ್ಕರ್ ಮುಚ್ಚಳ ತೆಗೆಯುವಾಗ ಮುಖಕ್ಕೆ ಹೊಡೆಯುವುದೂ ಹಬೆಯೇ, ಕುದಿಯುವ ಸಾರಿನ ಪಾತ್ರೆಗೆ ಬಗ್ಗುವುದೂ ಅದೇ. ಆ ದಿನ ಅಡುಗೆಮನೆ ನಮ್ಮ ಯಜಮಾನರದ್ದಾಯಿತು. ನೀನೂ ಎಣ್ಣೆಸ್ನಾನದ ದಿನ ನೋಡಿಕೊಂಡು ದಿನಾಂಕ ಹಿಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಲ್ಯಾಮಿನೇಷನ್ ನಿನಗೆ ಒಂದೇ ಒಂದು ಹೊಸ ಕೂದಲನ್ನೂ ಕೊಡುವುದಿಲ್ಲ. ಒಂದರ ಮೇಲೊಂದು ಮಲಗಿದ್ದ ಕೂದಲನ್ನು ಎತ್ತಿ ನಿಲ್ಲಿಸಿ ಹರಡುತ್ತದೆ. ಅಷ್ಟಕ್ಕೇ ನನ್ನ ಗಾಯದ ಕಲೆ ಪೂರ್ತಿ ಮುಚ್ಚಿಹೋಯಿತು! ಹತ್ತಾರು ವರ್ಷ ಪೆನ್ಸಿಲ್ ಹಿಡಿದ ಜಾಗ ಅದು. ಕೆಳಗಿನ ಕೂದಲು ಮೇಲಕ್ಕೆ ತಿರುಗಿ ತಾನೇ ಅಡ್ಡ ನಿಂತಿತು. ಕನ್ನಡಿ ನೋಡಿ ಕಣ್ಣಲ್ಲಿ ನೀರು ಬಂತು. ತುದಿಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಅಲ್ಲಿ ಕೂದಲೇ ಇಲ್ಲ, ಹರಡುವುದು ಏನನ್ನು?

ಇನ್ನೊಂದು ಗೊತ್ತಾಯಿತು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ದಪ್ಪ, ಕಡುಕಪ್ಪು ಹುಬ್ಬು ನನ್ನ ಮುಖಕ್ಕೆ ಹೊಂದುವುದಿಲ್ಲ. ಮೊದಲ ವಾರ ಕೂದಲು ಬಿರುಸಾಗಿ ನಿಂತಿದ್ದಾಗ ಅದರ ಮೇಲೆ ಪೆನ್ಸಿಲ್ ಎಳೆದು ನೋಡಿದೆ. ಮಗಳು ಬಂದು, "ಅಮ್ಮಾ, ಯಾಕೆ ಕೋಪ?" ಅಂತ ಕೇಳಿದಳು. ನನಗೆ ಕೋಪವೇ ಇರಲಿಲ್ಲ. ಕನ್ನಡಕದ ಫ್ರೇಮಿನ ಮೇಲೆ ಹುಬ್ಬು ಎಷ್ಟು ಕಾಣಬೇಕು, ಕುಂಕುಮ ಇಟ್ಟಾಗ ಎರಡು ಹುಬ್ಬಿನ ನಡುವೆ ಎಷ್ಟು ಜಾಗ ಬೇಕು, ಇದೆಲ್ಲ ಪಾರ್ಲರಿನ ಕುರ್ಚಿಯಲ್ಲಿ ಹತ್ತು ನಿಮಿಷದಲ್ಲಿ ತಿಳಿಯುವುದಿಲ್ಲ ಸುಮಾ. ಬೆಳಗಿನ ಬಿಸಿಲಲ್ಲಿ, ಜ್ವರ ಬಂದು ಮಲಗಿದ ದಿನ, ಹೆಲ್ಮೆಟ್ ತೆಗೆದ ಮೇಲೆ, ಬೆವೆತಾಗ, ಹೀಗೆ ಎಲ್ಲ ಹೊತ್ತಿನಲ್ಲೂ ನೋಡಬೇಕು. ನಾನು ವಾರಕ್ಕೊಂದು ಫೋಟೋ ತೆಗೆದೆ. ಅದೇ ಕಿಟಕಿ, ಅದೇ ಹೊತ್ತು. ಐದನೇ ವಾರದ ಹೊತ್ತಿಗೆ ಕೂದಲು ಮೆಲ್ಲಗೆ ಮಲಗತೊಡಗಿತು. ನನಗೆ ಅತಿ ಇಷ್ಟವಾದದ್ದು ಮೂರನೇ ವಾರದ ಹುಬ್ಬು. ಮುಂದೆ ಯಾವತ್ತಾದರೂ ಸೂಜಿಗೆ ಕೂತರೆ ಆ ಫೋಟೋ ತೋರಿಸಿ ಇಷ್ಟು ಸಾಕು ಅನ್ನುತ್ತೇನೆ.

ತುದಿಯ ಖಾಲಿ ಜಾಗಕ್ಕೆ ಬೇರೆ ದಾರಿ ಇಲ್ಲ, ಪೆನ್ಸಿಲ್ಲೇ. ಆದರೆ ದಿನಕ್ಕೊಂದು ಆಕಾರ ಬರೆಯಬೇಡ. ಒಂದೇ ಆಕಾರ ಹಿಡಿದು ಒಂದು ತಿಂಗಳು ಬರೆ. ಬೇಸರ ಬಂತಾ, ಇಲ್ವಾ ನೋಡು.

ನಮ್ಮಜ್ಜಿಯ ಮುಂಗೈ ನಿನಗೆ ನೆನಪಿರಬೇಕು. ರಜೆಯಲ್ಲಿ ಬಂದಾಗ ಆ ಹಚ್ಚೆಯ ಮೇಲೆ ಬೆರಳಾಡಿಸುತ್ತಾ ಕೂರುತ್ತಿದ್ದೆಯಲ್ಲ. ಕೊರವಂಜಿ ಬಂದು ಹುಯ್ದಿದ್ದು ಅಂತ ಅಜ್ಜಿ ಹೇಳುತ್ತಿದ್ದರು. ಹಾಕುವಾಗ ಅದು ಕಪ್ಪಗಿತ್ತಂತೆ. ನಾವು ನೋಡುವ ಹೊತ್ತಿಗೆ ಹಸಿರು ನೀಲಿಯಾಗಿ, ಗೆರೆಗಳು ಹರಡಿ, ಹೂವೋ ತೇರೋ ಗೊತ್ತಾಗುತ್ತಿರಲಿಲ್ಲ. ಮಸಿಯ ಕಪ್ಪು ಚರ್ಮದ ಆಳಕ್ಕೆ ಇಳಿದರೆ ಮೇಲಿನಿಂದ ನೋಡುವವರಿಗೆ ನೀಲಿಯಾಗಿ ಕಾಣುತ್ತದೆ. ಬೆಳಕು ಚರ್ಮದೊಳಗೆ ಹೋಗಿ ಬರುವಾಗ ಚದುರುವುದರಿಂದ ಹಾಗೆ. ಮೈಕ್ರೋಬ್ಲೇಡಿಂಗ್ ಕೂಡ ಹಚ್ಚೆಯೇ. ಸಾಲಾಗಿ ಜೋಡಿಸಿದ ಸಣ್ಣ ಸೂಜಿಗಳಲ್ಲಿ ಚರ್ಮ ಗೀರಿ ಬಣ್ಣ ಕೂರಿಸುತ್ತಾರೆ. ಆಳಕ್ಕೆ ಹೋಗದ ಹಾಗೆ ಮಾಡುವುದರಿಂದ ಒಂದೆರಡು ವರ್ಷದಲ್ಲಿ ಮಾಸುತ್ತದೆ. ಆದರೆ ಕೈ ಸ್ವಲ್ಪ ಭಾರವಾದರೆ ಅಜ್ಜಿಯ ಹಚ್ಚೆಯ ಬಣ್ಣವೇ ಹುಬ್ಬಿಗೆ ಬರುತ್ತದೆ. ಕಬ್ಬಿಣದ ಆಕ್ಸೈಡ್ ಇರುವ ಕಂದು ಬಣ್ಣಗಳು ಮಾಸುತ್ತಾ ಕೆಂಪಗಾಗುವುದೂ ಉಂಟು. ಲೇಸರ್‌ನಲ್ಲಿ ತೆಗೆಸಬಹುದಲ್ಲ ಅನ್ನಬೇಡ. ಅಂಥ ಬಣ್ಣದ ಮೇಲೆ ಲೇಸರ್ ಬಿದ್ದರೆ ಕೆಲವು ಸಲ ಮಾಸುವ ಬದಲು ಕಪ್ಪಾಗುತ್ತದೆ. ನಿನ್ನದು ಎಣ್ಣೆ ಚರ್ಮ ಬೇರೆ, ಗೆರೆಗಳು ಬೇಗ ಹರಡಿಕೊಳ್ಳುತ್ತವೆ.

ಇಷ್ಟೆಲ್ಲ ಹೇಳಿದೆ ಅಂತ ಅದು ಕೆಟ್ಟದ್ದು ಅಂದುಕೊಳ್ಳಬೇಡ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಕೀಮೋ ಆದ ಮೇಲೆ ಹುಬ್ಬು ಸರಿಯಾಗಿ ಮರಳಲೇ ಇಲ್ಲ. ಅವರಿಗೆ ಲ್ಯಾಮಿನೇಷನ್‌ನಿಂದ ಏನೂ ಆಗುತ್ತಿರಲಿಲ್ಲ. ಡಾಕ್ಟರ್ ಒಪ್ಪಿದ ಮೇಲೆ ಮೈಕ್ರೋಬ್ಲೇಡಿಂಗ್ ಮಾಡಿಸಿಕೊಂಡು ಬಂದರು. ಆ ದಿನ ಅವರ ಮುಖ ನೋಡಿದ್ದೇನೆ. ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ.

ಈಗ ನಿನ್ನ ಫೋಟೋದ ಮಾತು. ಇದನ್ನು ಹೇಳಲಿಕ್ಕೇ ಇಷ್ಟು ಹೊತ್ತು ಕೂತೆ ಅಂದರೂ ಸರಿ. ನಿನ್ನ ಹುಬ್ಬು ಎಲ್ಲ ಕಡೆ ಒಂದೇ ಸಮ ತೆಳ್ಳಗಾಗಿಲ್ಲ. ಮೂಗಿನ ಕಡೆ ಚೆನ್ನಾಗಿಯೇ ಇದೆ. ಹೊರತುದಿಯ ಮೂರನೇ ಒಂದು ಭಾಗ ಮಾತ್ರ ಹೋಗಿದೆ. ಎರಡೂ ಕಡೆ. ಥೈರಾಯ್ಡ್ ಕಡಿಮೆ ಕೆಲಸ ಮಾಡುವಾಗ ಕೆಲವರಿಗೆ ಹೀಗೇ ಆಗುತ್ತದೆ, ಡಾಕ್ಟರುಗಳು ಇದನ್ನು ಒಂದು ಗುರುತಾಗಿ ನೋಡುತ್ತಾರೆ. ದೀಪಾವಳಿಯಲ್ಲಿ ಸಿಕ್ಕಾಗ ತಲೆಕೂದಲು ಉದುರುತ್ತಿದೆ ಅಂದೆ. ಎಷ್ಟು ಮಲಗಿದರೂ ಸುಸ್ತು ಅಂದೆ. ಮಧ್ಯಾಹ್ನವೂ ಸ್ವೆಟರ್ ಹಾಕಿಕೊಂಡಿದ್ದೆ. ನಿಮ್ಮಮ್ಮನಿಗೂ ಥೈರಾಯ್ಡ್ ಇದೆ. ನಿನಗೆ ಇರಲಿಕ್ಕಿಲ್ಲ, ಬರೀ ದಾರದ್ದೇ ತಪ್ಪಿರಬಹುದು. ಆದರೂ ಥೈರಾಯ್ಡ್ ಸರಿಯಿದೆಯಾ ಅಂತ ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಒಂದು ಮಾಡಿಸು. ಒಂದು ಸಿರಿಂಜ್ ರಕ್ತ ಅಷ್ಟೇ. ಜೊತೆಗೆ ಹಿಮೋಗ್ಲೋಬಿನ್ನೂ ನೋಡಿಸು. ಕಾರಣ ಅದೇ ಆಗಿದ್ದರೆ ಮಾತ್ರೆ ಶುರುವಾದ ಕೆಲವು ತಿಂಗಳಲ್ಲಿ ಹುಬ್ಬು ಮರಳಿ ಬರಬಹುದು. ಬರಬೇಕಾದ ಕೂದಲಿನ ಜಾಗದಲ್ಲಿ ಮೊದಲೇ ಬಣ್ಣ ತುಂಬಿ ಕೂತರೆ ಹೇಗೆ ಹೇಳು.

ಮದುವೆಯ ಲೆಕ್ಕಕ್ಕೂ ಮೈಕ್ರೋಬ್ಲೇಡಿಂಗ್ ಈಗ ಕೂಡಿಬರುವುದಿಲ್ಲ. ಮೊದಲ ದಿನಗಳಲ್ಲಿ ತುಂಬಾ ಕಪ್ಪಗೆ ಕಾಣುತ್ತದೆ. ಆಮೇಲೆ ಹಕ್ಕಳೆ ಕಟ್ಟುತ್ತದೆ, ಕೆರೆಯುವ ಹಾಗಿಲ್ಲ. ಎರಡು ಮೂರನೇ ವಾರಕ್ಕೆ ಬಣ್ಣವೇ ಹೋಯಿತೇನೋ ಅನ್ನಿಸುತ್ತದೆ. ಒಂದು ತಿಂಗಳಾದ ಮೇಲೆ ನಿಜವಾದ ಬಣ್ಣ ಕಾಣುತ್ತದೆ. ಅಷ್ಟಾದ ಮೇಲೆ ಟಚಪ್‌ಗೆ ಇನ್ನೊಮ್ಮೆ ಕೂರಬೇಕು. ಮುಹೂರ್ತದ ದಿನ ನೀನು ಅರ್ಧ ದಾರಿಯಲ್ಲಿ ಇರುತ್ತೀಯ.

ಲ್ಯಾಮಿನೇಷನ್ ಆದರೆ ಮದುವೆಗೆ ಒಂದು ವಾರ ಇರುವಾಗ ಮಾಡಿಸು, ಪ್ಯಾಚ್ ಟೆಸ್ಟ್ ಅದಕ್ಕೂ ಮುಂಚೆ. ಈಗಿನಿಂದಲೇ ಥ್ರೆಡ್ಡಿಂಗ್ ನಿಲ್ಲಿಸು. ಮುಖಕ್ಕೆ ರೆಟಿನಾಲ್ ಕ್ರೀಮ್ ಹಚ್ಚುತ್ತಿದ್ದೀಯಲ್ಲ, ಅದನ್ನೂ ನಿಲ್ಲಿಸಿ ಪಾರ್ಲರಿನವರಿಗೆ ಮೊದಲೇ ಹೇಳು. ಆಮೇಲೆ ದಿನಾ ಬೆಳಿಗ್ಗೆ ಬ್ರಷ್‌ನಲ್ಲಿ ಮೇಲಕ್ಕೆ ಬಾಚಿದರೆ ಸಾಕು.

ಮದುವೆ ಮುಗಿದು, ರಿಪೋರ್ಟ್ ಬಂದು, ಆರು ವಾರ ಕಳೆದ ಮೇಲೂ ನಿನಗೆ ಸೂಜಿಯೇ ಬೇಕು ಅನ್ನಿಸಿದರೆ ನಾನೇ ಜೊತೆಗೆ ಬರುತ್ತೇನೆ. ಮಾಡಿದ ದಿನದ ಫೋಟೋ ಬೇಡ, ಎರಡು ವರ್ಷ ಆದ ಮೇಲಿನದ್ದು ತೋರಿಸಿ ಅಂತ ಕೇಳೋಣ. ಬ್ಲೇಡಿನ ಪೊಟ್ಟಣ ನಮ್ಮ ಮುಂದೆಯೇ ಒಡೆಯಲಿ. ಒಬ್ಬರಿಗೆ ಬಳಸಿದ ಸೂಜಿಯಿಂದ ಹೆಪಟೈಟಿಸ್ ಬರಬಹುದು, ಎಚ್‌ಐವಿ ಬರಬಹುದು. ಇದರಲ್ಲಿ ಮುಲಾಜು ಬೇಡ.

ಶನಿವಾರ ಬೆಳಿಗ್ಗೆ ಲ್ಯಾಬಿಗೆ ಹೋಗಿ ಬಾ. ಭಾನುವಾರ ಮಧ್ಯಾಹ್ನದ ಊಟಕ್ಕೆ ನಾನು ದಾವಣಗೆರೆಯಲ್ಲಿರುತ್ತೇನೆ, ಟಿಕೆಟ್ ಆಗಲೇ ಮಾಡಿಸಿದ್ದೇನೆ. ಪೆನ್ಸಿಲ್ ತರುತ್ತೇನೆ. ಹಾಸ್ಟೆಲಿಗೆ ಸೇರುವ ಮುಂಚಿನ ನಿನ್ನ ಹಳೇ ಫೋಟೋ ಒಂದು ಅಮ್ಮನ ಹತ್ತಿರ ಇರುತ್ತದೆ, ಅದನ್ನು ತೆಗೆದಿಡು. ಅದರಲ್ಲಿರುವ ಹುಬ್ಬನ್ನೇ ಮೊದಲು ಬರೆದು ನೋಡೋಣ.

ನಿನ್ನ,
ಗೀತಾ
ಮೈಸೂರು