ಧಾನ್ಯದ ಗೂಡುಗಳಿಗೂ ಗಮನ ಸಲ್ಲಲಿ

ಮಾನ್ಯ ಸಂಪಾದಕರೇ,

ಉತ್ಖನನ ಎಂದೊಡನೆ ಚಿನ್ನ, ವಿಗ್ರಹಗಳಷ್ಟೇ ಸುದ್ದಿಯಾಗುತ್ತವೆ. ಐರ್ಲೆಂಡಿನಲ್ಲಿ ಹೆದ್ದಾರಿ ಕಾಮಗಾರಿಗೆ ಮುನ್ನ ನಡೆದ ಉತ್ಖನನಗಳಲ್ಲಿ ಹೇರಳವಾಗಿ ದೊರೆತ, ಧಾನ್ಯ ಒಣಗಿಸುವ ಪ್ರಾಚೀನ ಗೂಡುಗಳಿಗೂ ಅಷ್ಟೇ ಗಮನ ಸಲ್ಲಬೇಕೆಂಬುದು ನನ್ನ ಕಳಕಳಿ. ಇವುಗಳಲ್ಲಿ ಹಲವು ಕ್ರಿ.ಶ. 4ರಿಂದ 7ನೇ ಶತಮಾನದ ಅವಧಿಗೆ ಸೇರಿದವು.

ತೇವ ಹೆಚ್ಚಿರುವ ಆ ನಾಡಿನಲ್ಲಿ ಬಾರ್ಲಿ, ಓಟ್ಸ್, ಗೋಧಿಯನ್ನು ಬೀಸುವ ಅಥವಾ ಕೂಡಿಡುವ ಮೊದಲು ಕಾವಿನಲ್ಲಿ ಒಣಗಿಸಬೇಕಾಗುತ್ತಿತ್ತು. ನೆಲದಲ್ಲಿ ತೋಡಿದ ಗೂಡಿನ ಒಂದು ತುದಿಯಲ್ಲಿ ಬೆಂಕಿಯ ಗುಂಡಿ, ಇನ್ನೊಂದು ತುದಿಯಲ್ಲಿ ಧಾನ್ಯ ಹರಡುವ ಕೋಣೆ, ನಡುವೆ ಕಿರಿದಾದ ಕಾಲುವೆ. ಕಿಡಿ ತಾಗದೆ ಬಿಸಿಗಾಳಿ ಮಾತ್ರ ಧಾನ್ಯವನ್ನು ತಲುಪಲೆಂದೇ ಈ ಅಂತರ. ಎಷ್ಟು ಯೋಚಿಸಿ ಮಾಡಿದ ರಚನೆ! ಆದರೂ ಕೆಲವೊಮ್ಮೆ ಬೆಂಕಿ ತಗುಲಿ ಧಾನ್ಯ ಸುಟ್ಟುಹೋಗುತ್ತಿತ್ತು. ಅಂದಿನ ರೈತನಿಗೆ ಅದು ದೊಡ್ಡ ನಷ್ಟ. ಕರಿಕಾದ ಕಾಳು ಕೊಳೆಯದೆ ಉಳಿಯುವುದರಿಂದ ಇಂದಿನ ಸಂಶೋಧಕರಿಗೆ ಅದೇ ಆಧಾರ. ಗೂಡಿನ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದದ್ದನ್ನು ಸಣ್ಣ ಜರಡಿಯಲ್ಲಿ ಸೋಸಿ, ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಬೆಳೆ ಯಾವುದು, ಹೊಲದಲ್ಲಿದ್ದ ಕಳೆ ಯಾವುದು ಎಂಬುದು ತಿಳಿಯುತ್ತದೆ. ಅವಶೇಷದಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ತಿಳಿಯುವ ರೇಡಿಯೊಕಾರ್ಬನ್ ಕಾಲನಿರ್ಣಯಕ್ಕೂ ಸೌದೆಯ ಇದ್ದಿಲಿಗಿಂತ ಕಾಳೇ ಮೇಲು. ಓಕ್ ಮರದ ತಿರುಳು ಉರಿಸುವ ಹೊತ್ತಿಗೇ ನೂರಾರು ವರ್ಷ ಹಳೆಯದಾಗಿರಬಹುದು, ಕಾಳಾದರೋ ಒಂದೇ ಋತುವಿನದು.

ಕಾಮಗಾರಿಯ ಗಡುವು ಎಷ್ಟೇ ಬಿಗಿಯಾಗಿರಲಿ, ಗುಂಡಿ, ಕಾಲುವೆ ಮತ್ತು ಕೋಣೆಯ ಮಣ್ಣನ್ನು ಒಂದರೊಡನೊಂದು ಬೆರೆಸದೆ ಬೇರೆ ಬೇರೆಯಾಗಿ ಸಂಗ್ರಹಿಸಬೇಕು. ಅದರ ವಿಶ್ಲೇಷಣೆಯ ವರದಿಗಳು ಕಡತಗಳಲ್ಲೇ ಉಳಿಯದೆ ಸಾರ್ವಜನಿಕರ ಕೈಗೂ ಸಿಗಬೇಕು.

ಇಂತಿ,
ಇತಿಹಾಸಾಸಕ್ತ ಓದುಗ