ವೀಕ್ಷಣಾಲಯದ ಮಕ್ಕಳಿಗೂ ಡಾಕ್ಟರ್ ಬೇಕು

ಮಾನ್ಯ ಸಂಪಾದಕರೇ,

ಅಪರಾಧದ ಆರೋಪ ಹೊತ್ತ ಮಕ್ಕಳನ್ನು ಇರಿಸುವ ನಮ್ಮ ಕಡೆಯ ಒಂದು ವೀಕ್ಷಣಾಲಯಕ್ಕೆ ಆಗಾಗ ಪಾಠ ಹೇಳಲು ಹೋಗುತ್ತೇನೆ. ಕಳೆದ ವಾರ ಲೆಕ್ಕ ಬಿಡಿಸುತ್ತಿದ್ದ ಹುಡುಗನೊಬ್ಬ ಪೆನ್ಸಿಲ್ ಕೆಳಗಿಟ್ಟು ಬೆರಳ ಸಂದು ಕೆರೆದುಕೊಳ್ಳುತ್ತಲೇ ಇದ್ದ. ಚರ್ಮ ಕಿತ್ತು ರಕ್ತ ಬಂದಿತ್ತು. ‘ರಾತ್ರಿ ಜಾಸ್ತಿ ಆಗ್ತದ್ರೀ ಸರ್, ನಿದ್ದೀನ ಬರೂದಿಲ್ಲ’ ಎಂದ. ನೋಡಿದರೆ ಕಜ್ಜಿ. ಒಬ್ಬನಿಗೇ ಮುಲಾಮು ಹಚ್ಚಿದರೆ ಅದು ಹೋಗುವುದಿಲ್ಲ. ಜೊತೆಗೆ ಮಲಗುವ ಎಲ್ಲರಿಗೂ ಒಟ್ಟಿಗೇ ಹಚ್ಚಬೇಕು, ಬಟ್ಟೆ, ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆಯಬೇಕು. ಇದನ್ನು ನಿಂತು ಮಾಡಿಸಲು ಡಾಕ್ಟರ್ ಬರಬೇಕಲ್ವಾ?

2015ರ ಬಾಲನ್ಯಾಯ ಕಾಯ್ದೆಯಲ್ಲಿ ಈ ಮಕ್ಕಳಿಗೆ ವೈದ್ಯಕೀಯ ಆರೈಕೆ, ಮಾನಸಿಕ ಆರೋಗ್ಯದ ನೆರವು ಎರಡೂ ಇವೆ. 2016ರ ಮಾದರಿ ನಿಯಮಗಳ ಪ್ರಕಾರ ಪ್ರತಿ ತಿಂಗಳು ತಪಾಸಣೆ ನಡೆಸಿ, ಒಬ್ಬೊಬ್ಬರದೂ ದಾಖಲೆ ಇಡಬೇಕು. ಮನೆಯಲ್ಲಿರುವ ಮಗುವಿಗೆ ಜ್ವರ ಬಂದರೆ ತಾಯಿ ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾಳೆ. ಇವರು ಬೀಗ ತೆಗೆಯುವವರೆಗೆ ಕಾಯಬೇಕು. ಅದೂ ಇವರಲ್ಲಿ ಬಹಳ ಮಂದಿಯ ಪ್ರಕರಣ ಇನ್ನೂ ತೀರ್ಮಾನವೇ ಆಗಿಲ್ಲ!

ಮೂರು ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕಾದ ಪರಿಶೀಲನಾ ಸಮಿತಿಯವರು ಮುಂದಿನ ಸಲ ಆ ದಾಖಲೆಗಳನ್ನು ಕೇಳಿ ನೋಡಲಿ. ಹಾಗೇ ಮಕ್ಕಳ ಕೈಗಳನ್ನೂ.

– ನಿವೃತ್ತ ಶಿಕ್ಷಕ, ವಿಜಯಪುರ