ಕೋವಿ ತೋಟಕ್ಕಿರಲಿ, ತಲೆದಿಂಬಿನ ಕೆಳಗೆ ಬೇಡ

ಚಿ. ಸೋದರಳಿಯನಿಗೆ ಮಾವನ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ತಲುಪಿ ನಾಲ್ಕು ದಿನವಾಯಿತು. ನೆರೆಮನೆಯ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ರಾತ್ರೋರಾತ್ರಿ ಕಳುವಾದದ್ದನ್ನೂ, ನೀನು ಕೆಲಸದ ಮೇಲೆ ಊರು ಬಿಟ್ಟಾಗ ಆ ಒಂಟಿ ಮನೆಯಲ್ಲಿ ಅಕ್ಕ, ನಿನ್ನ ಹೆಂಡತಿ, ಮಗು ಮೂವರೇ ಉಳಿಯುವ ಆತಂಕವನ್ನೂ ಬರೆದಿದ್ದೀಯ. ತೀರಿಕೊಂಡ ಭಾವನ, ಈಗ ಠಾಣೆಯಲ್ಲಿರುವ ಕೋವಿಯನ್ನು ವಾರಸುದಾರನಾಗಿ ನಿನ್ನ ಹೆಸರಿಗೆ ಮಾಡಿಸಿಕೊಂಡು, ಅದರ ಜೊತೆಗೆ ಆತ್ಮರಕ್ಷಣೆಗೆಂದು ಒಂದು ಪಿಸ್ತೂಲಿಗೂ ಅರ್ಜಿ ಹಾಕಲೇ ಎಂದು ಕೇಳಿದ್ದೀಯ. ನಿನ್ನ ಭಯ ಸುಳ್ಳಲ್ಲ. ಘಟ್ಟದ ಮೇಲಿನ ನಮ್ಮ ಮನೆಗಳಿಂದ ಠಾಣೆ ಎಷ್ಟು ದೂರ, ಮಳೆಗಾಲದ ರಾತ್ರಿಯಲ್ಲಿ ಆ ದಾರಿ ಹೇಗಿರುತ್ತದೆ ಎಂಬುದು ನನಗೂ ಗೊತ್ತು. ಆದ್ದರಿಂದಲೇ ಅವಸರದಲ್ಲಿ ಉತ್ತರಿಸಲಿಲ್ಲ.

ಭಾವನ ಕೋವಿಯನ್ನು ಅವಶ್ಯವಾಗಿ ನಿನ್ನ ಹೆಸರಿಗೆ ಮಾಡಿಸಿಕೋ. ಹಂದಿಗೂ ಮಂಗಕ್ಕೂ ಹೆದರಿಸಲು ಗಾಳಿಯಲ್ಲಿ ಒಂದು ಈಡು ಹಾರಿಸದಿದ್ದರೆ ತೋಟ ಉಳಿಯುವುದಿಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದರೂ ಕಾಡುಪ್ರಾಣಿಯನ್ನು ಕೊಲ್ಲಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಅನುಮತಿ ಕೇಳುತ್ತದೆ ಎಂಬುದನ್ನು ಮಾತ್ರ ಮರೆಯಬೇಡ. ಪಿಸ್ತೂಲಿನ ಮಾತು ಬೇರೆ. ಅದನ್ನು ನೀನು ಮನುಷ್ಯನಿಗೆಂದೇ ತರುತ್ತಿದ್ದೀಯ. ಅದು ಬೇಡವೆಂದು ನನ್ನ ಮನಸ್ಸು ಹೇಳುತ್ತದೆ.

ರಾತ್ರಿ ಎರಡು ಗಂಟೆಗೆ ಬಾಗಿಲು ಸದ್ದಾದಾಗ ಉಪಯೋಗಕ್ಕೆ ಬರಬೇಕಾದರೆ ಪಿಸ್ತೂಲು ಎಲ್ಲಿರಬೇಕು, ಹೇಗಿರಬೇಕು ಎಂದು ಯೋಚಿಸಿದ್ದೀಯಾ? ಗುಂಡು ತುಂಬಿಕೊಂಡು, ಬೀಗವಿಲ್ಲದೆ, ಕೈಗೆಟಕುವಲ್ಲಿ ಇರಬೇಕು. ನಿನ್ನ ಮಗಳಿಗೆ ಈಗ ಐದು ವರ್ಷ; ನಿನ್ನ ಕೈಗೆ ಎಟಕುವುದು ಒಂದಲ್ಲ ಒಂದು ದಿನ ಅವಳ ಕೈಗೂ ಎಟಕುತ್ತದೆ. ನಿಯಮದಂತೆ ಕಪಾಟಿನಲ್ಲಿ ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಇಟ್ಟೆಯೆಂದರೆ ಕಳ್ಳ ಬಂದ ಹೊತ್ತಿನಲ್ಲಿ ನೀನು ಕತ್ತಲಲ್ಲಿ ಬೀಗದಕೈ ಹುಡುಕುತ್ತಿರುತ್ತೀಯ. ಈ ತೊಡಕಿಗೆ ನಲವತ್ತು ವರ್ಷ ಕೋವಿ ಇಟ್ಟುಕೊಂಡ ನನಗೂ ಪರಿಹಾರ ಸಿಕ್ಕಿಲ್ಲ. ಇನ್ನು ನೀನು ಊರಲ್ಲಿಲ್ಲದ ರಾತ್ರಿಗಳಿಗಾಗಿಯೇ ಅದನ್ನು ಕೊಳ್ಳುವುದಾದರೆ, ಲೈಸೆನ್ಸ್ ಇರುವುದು ನಿನ್ನೊಬ್ಬನ ಹೆಸರಿನಲ್ಲಿ. ಆಗ ಅದನ್ನು ಹಿಡಿಯುವವರು ಯಾರು?

ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿನಗಿನ್ನೂ ತಿಳಿವಳಿಕೆ ಬರುವ ಮುಂಚಿನ ಮಾತು. ಸುತ್ತಮುತ್ತ ಕಳವು ಹೆಚ್ಚಾಗಿದ್ದ ಕಾಲದಲ್ಲಿ ಒಂದು ರಾತ್ರಿ ನಾಯಿ ಒಂದೇ ಸಮನೆ ಬೊಗಳಿತು. ಜೋಡುನಳಿಗೆಯ ಕೋವಿಗೆ ತೋಟಾ ತುಂಬಿ ಜಗಲಿಗೆ ಬಂದರೆ ಬಚ್ಚಲುಮನೆಯ ಮಗ್ಗುಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಯಾರೆಂದು ಎರಡು ಸಲ ಕೂಗಿದರೂ ಉತ್ತರ ಬರಲಿಲ್ಲ. ಬದಲಿಗೆ ನನ್ನ ಕಡೆಗೇ ಎರಡು ಹೆಜ್ಜೆ ಬಂದ. ಅಷ್ಟರಲ್ಲಿ ನಾನು ಕೋವಿಯ ಕುದುರೆ ಎಳೆದು ಹಿಡಿದಿದ್ದೆ. ಹಿಂದಿನಿಂದ ನಿನ್ನ ಅತ್ತೆ ಲಾಟೀನು ತಂದಳು. ಬಂದವನು ನಮ್ಮ ತೋಟದಲ್ಲೇ ಕೆಲಸಕ್ಕಿದ್ದವನು. ಹೆಂಡತಿಗೆ ಹೆರಿಗೆ ನೋವು ಬಂದಿದೆ, ಜೀಪು ಬೇಕೆಂದು ಕೇಳಲು ಗುಡ್ಡ ಹತ್ತಿ ಓಡಿ ಬಂದು, ಉಸಿರು ಕಟ್ಟಿ ಬಾಯಿಂದ ಮಾತೇ ಹೊರಡದೆ ನಿಂತಿದ್ದ. ಆ ರಾತ್ರಿ ಹುಟ್ಟಿದ ಹುಡುಗ ಈಗ ನಿನಗೆ ಅಡಿಕೆ ಕೊನೆ ಕೊಯ್ದುಕೊಡುತ್ತಾನೆ. ಅವನನ್ನು ಕಂಡಾಗಲೆಲ್ಲ ನನಗೆ ಆ ಲಾಟೀನು ನೆನಪಾಗುತ್ತದೆ.

ಕಾನೂನು ನಮ್ಮ ಕಡೆಗಿದೆ ಎಂದು ನೀನು ಬರೆದದ್ದು ಅರ್ಧ ನಿಜ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹಳೆಯ ದಂಡ ಸಂಹಿತೆಯಲ್ಲಿದ್ದ ಆತ್ಮರಕ್ಷಣೆಯ ಹಕ್ಕು ಉಳಿದಿದೆ. ಆದರೆ ಅದರ 37ನೆಯ ಕಲಮು ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚು ಹಾನಿ ಮಾಡಲು ಬಿಡುವುದಿಲ್ಲ. ದರೋಡೆ, ರಾತ್ರಿ ಮನೆ ಒಡೆಯುವುದು, ವಾಸದ ಮನೆಗೆ ಬೆಂಕಿಯಿಡುವುದು, ಪ್ರಾಣಭಯ ಹುಟ್ಟಿಸುವಂಥ ಕಳವು, ಇಂಥವುಗಳಲ್ಲಿ ಮಾತ್ರ ಸ್ವತ್ತಿನ ರಕ್ಷಣೆಗಾಗಿ ಪ್ರಾಣ ತೆಗೆಯುವವರೆಗೆ ಆ ಹಕ್ಕು ಚಾಚುತ್ತದೆ. ಅಂಗಳದ ಅಡಿಕೆ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದರೆ ಅದು ಕೊಲೆಯ ಆರೋಪವಾಗಿ ನಿನ್ನ ಬಾಗಿಲಿಗೆ ಬರುತ್ತದೆ. ಕತ್ತಲಲ್ಲಿ, ಎದೆ ಬಡಿದುಕೊಳ್ಳುತ್ತಿರುವಾಗ, ಎದುರಿಗಿರುವವನು ಯಾವ ಬಗೆಯ ಕಳ್ಳನೆಂದು ತೀರ್ಮಾನಿಸಲು ಸಿಗುವುದು ಒಂದು ಗಳಿಗೆ. ಅದು ಸರಿಯಿತ್ತೇ ಎಂದು ನ್ಯಾಯಾಲಯ ವರ್ಷಗಟ್ಟಲೆ ವಿಚಾರಿಸುತ್ತದೆ.

ಕೊಡಗಿನವರಿಗೆ ಇಲ್ಲದ ಕಟ್ಟುಪಾಡು ನಮಗೇಕೆ ಎಂದೂ ಕೇಳಿದ್ದೀಯ. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಈಗಿನ ಅವಧಿ 2029ರ ಅಕ್ಟೋಬರ್‌ವರೆಗೆ ಇದೆ. ಅಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ, ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಈಡು ಹಾರಿಸುತ್ತಾರೆ, ಗಂಡುಮಗು ಹುಟ್ಟಿದರೆ ಒಂದು, ಮನೆಯಲ್ಲಿ ಸಾವಾದರೆ ಎರಡು ಈಡಿನಿಂದ ಊರಿಗೆ ತಿಳಿಸುತ್ತಾರೆ. ಅಲ್ಲಿ ಕೋವಿಯೆಂದರೆ ಇಡೀ ಒಕ್ಕ, ಅಂದರೆ ಮನೆತನ, ಕಾಯ್ದುಕೊಂಡು ಬಂದ ಮರ್ಯಾದೆ. ಒಂದು ಕಳವಿನ ಸುದ್ದಿ ಕೇಳಿ ಹೆದರಿ ಕೊಂಡ ಪಿಸ್ತೂಲಿಗೆ ಆ ಹೋಲಿಕೆ ಸಲ್ಲದು.

ಇನ್ನೊಂದು ಮಾತನ್ನು ಹೇಳಲು ನನಗೆ ಸಂಕೋಚವಿದೆ, ಆದರೂ ಹೇಳಬೇಕು. ಕೊಳೆರೋಗದಿಂದ ಫಸಲು ಪೂರ್ತಿ ನೆಲಕ್ಕುದುರಿ, ಸಾಲದ ನೋಟೀಸು ಮನೆಗೆ ಬಂದ ವರ್ಷ, ನಿನ್ನ ಅತ್ತೆ ನನಗೆ ಹೇಳದೆ ತೋಟಾಗಳ ಡಬ್ಬಿಯನ್ನು ತವರಿಗೆ ಸಾಗಿಸಿದ್ದಳು. ಅವಳು ಯಾಕೆ ಹಾಗೆ ಮಾಡಿದಳೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಎಷ್ಟೋ ಮನೆಗಳಲ್ಲಿ ಬಂದೂಕಿರುವ ಅಮೆರಿಕದಲ್ಲಿ ಅದರಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು. ಈಗ ಎಲೆಚುಕ್ಕಿ ರೋಗ ನಿನ್ನ ತೋಟಕ್ಕೂ ಕಾಲಿಟ್ಟಿದೆ. ಹೊರಗಿನ ಕಳ್ಳ ಬರಬಹುದು, ಬಾರದಿರಬಹುದು. ಕೆಟ್ಟ ವರ್ಷ ಮಾತ್ರ ಬೆಳೆಗಾರನ ಮನೆಗೆ ಬಂದೇ ಬರುತ್ತದೆ, ಆಗ ಕೈಗೆಟಕುವಲ್ಲಿ ತುಂಬಿದ ಪಿಸ್ತೂಲು ಇರಬಾರದು.

ಹಾಗಾದರೆ ಏನು ಮಾಡಬೇಕೆಂದು ಕೇಳುತ್ತೀಯ. ಒಣಗಿದ ಅಡಿಕೆಯನ್ನು ಅಂಗಳದಲ್ಲಿ ಬಿಡದೆ ಸಂಜೆಯೇ ಒಳಗೆ ತುಂಬಿಸು. ಹಿತ್ತಿಲ ಬಾಗಿಲಿಗೆ ಹೊಸ ಚಿಲಕ ಹಾಕಿಸಿ, ನಾಲ್ಕೂ ದಿಕ್ಕಿಗೆ ದೀಪ ಕಟ್ಟಿಸು. 112ಕ್ಕೆ ಕರೆ ಮಾಡುವುದನ್ನು ಅಕ್ಕನಿಗೂ ಕಲಿಸು. ಗದ್ದೆಯಾಚೆಯ ಮನೆಯವರೊಡನೆ ಬೇಲಿ ಜಗಳದಿಂದ ಮಾತು ಬಿಟ್ಟಿದ್ದೀಯಂತೆ. ಅದನ್ನು ಮೊದಲು ಸರಿಮಾಡಿಕೋ, ಏಕೆಂದರೆ ಅಕ್ಕ ಕೂಗಿದರೆ ಠಾಣೆಯವರಿಗಿಂತ ಮೊದಲು ಓಡಿ ಬರುವವರು ಅವರೇ. ನೀನು ಊರಲ್ಲಿಲ್ಲದ ರಾತ್ರಿಗಳಲ್ಲಿ ಮೂವರೂ ನಮ್ಮಲ್ಲಿಗೆ ಬಂದರೆ ನಿನ್ನ ಅತ್ತೆಗೆ ಸಂತೋಷವೇ.

ಕೋವಿಯ ಅರ್ಜಿಗೆ ಭಾವನ ಮರಣ ಪ್ರಮಾಣಪತ್ರ, ಹಳೆಯ ಲೈಸೆನ್ಸ್ ಪುಸ್ತಕ, ಅಕ್ಕನ ಒಪ್ಪಿಗೆ ಪತ್ರ ತೆಗೆದಿಡು. ಮುಂದಿನ ಸೋಮವಾರ ನಾನೇ ಬರುತ್ತೇನೆ. ನಮ್ಮ ನಾಯಿ ಈಯ್ದು ಎರಡು ತಿಂಗಳಾಯಿತು. ಒಳ್ಳೆಯ ಗಂಡುಮರಿಯೊಂದನ್ನು ನಿನ್ನ ಮಗಳಿಗೆಂದು ತೆಗೆದಿರಿಸಿದ್ದೇನೆ, ಅದನ್ನೂ ತರುತ್ತೇನೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಹಿತವನ್ನು ಬಯಸುವ,
ಸೋದರಮಾವ